ಊದುವುದು ಬೇರೆ, ಬೆಳೆಯುವುದು ಬೇರೆ: ಗೋಡೆ ಕಳಚಿದ ಬ್ಯಾಕ್ಟೀರಿಯಾದ ಡಿಎನ್‌ಎ ಲೆಕ್ಕ

ಪೂರಿ ಉಬ್ಬಿತು ಎಂದರೆ ಹಿಟ್ಟು ಹೆಚ್ಚಾಯಿತು ಎಂದಲ್ಲ. ಕೋಶಭಿತ್ತಿ ಇಲ್ಲದ ಬ್ಯಾಕ್ಟೀರಿಯಾದ ಮೇಲೆ ಕೆಲಸ ಶುರುಮಾಡುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಮಾತು ಇದೇ. ಸೂಕ್ಷ್ಮದರ್ಶಕದ ಕೆಳಗೆ ಗುಂಡಗೆ, ದೊಡ್ಡದಾಗಿ ಕಂಡದ್ದನ್ನೆಲ್ಲ ‘ಎಲ್-ರೂಪ (ಗೋಡೆಯಿಲ್ಲದೆಯೇ ಬೆಳೆದು ಗುಣಿಸುವ ಬ್ಯಾಕ್ಟೀರಿಯಾ) ಬೆಳೆದಿದೆ’ ಎಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ನೀರು ಕುಡಿದು ಊದಿದ ಕೋಶಕ್ಕೂ ಬೆಳೆದ ಕೋಶಕ್ಕೂ ಇರುವ ವ್ಯತ್ಯಾಸ ಡಿಎನ್‌ಎಯಲ್ಲಿದೆ. ಹಾಸನದ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ, ದುಬಾರಿ ಉಪಕರಣವಿಲ್ಲದೆ, ಅದನ್ನು ಅಳೆಯಲು ನಾವು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

1935ರಲ್ಲಿ ಎಮ್ಮಿ ಕ್ಲೀನೆಬರ್ಗರ್ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಇಂಥ ರೂಪಗಳನ್ನು ಗುರುತಿಸಿದರು. ಲಿಸ್ಟರ್‌ನ ಮೊದಲ ಅಕ್ಷರವೇ ‘ಎಲ್’. ಇವು ಹೇಗೆ ಗುಣಿಸುತ್ತವೆ ಎಂಬುದು ಸ್ಪಷ್ಟವಾದದ್ದು ಬಹಳ ತಡವಾಗಿ. ನ್ಯೂಕ್ಯಾಸಲ್‌ನ ಜೆಫ್ ಎರಿಂಗ್ಟನ್ ಅವರ ತಂಡ 2009ರಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಎಲ್-ರೂಪಕ್ಕೆ ಎಫ್‌ಟಿಎಸ್-ಝಡ್ ಎಂಬ ವಿಭಜನಾ ಪ್ರೋಟೀನೇ ಬೇಕಿಲ್ಲ ಎಂದು ತೋರಿಸಿತು. ಪೊರೆ ಬೇಕಾದ್ದಕ್ಕಿಂತ ಹೆಚ್ಚು ತಯಾರಾದರೆ ಸಾಕು, ಕೋಶ ತಾನೇ ಹರಿದು ಹಂಚಿಕೊಳ್ಳುತ್ತದೆ ಎಂದು 2013ರಲ್ಲಿ ಅದೇ ತಂಡ ತೋರಿಸಿತು. ಇದರ ಹಿಂದಿನ ಲೆಕ್ಕ ಸರಳ. ಒಂದು ಗೋಳವನ್ನು ಅದೇ ಒಟ್ಟು ಗಾತ್ರದ ಎರಡು ಸಮ ಗೋಳಗಳನ್ನಾಗಿ ಮಾಡಲು ಮೇಲ್ಮೈ 1.26 ಪಟ್ಟು ಆಗಬೇಕು, ಅಂದರೆ ಶೇ. 26ರಷ್ಟು ಹೆಚ್ಚುವರಿ ಪೊರೆ ಬೇಕು. ಅಷ್ಟು ಪೊರೆ ಇರುವ ಕೋಶ ಗುಂಡಗೆ ಉಳಿಯಲಾರದು. ಅದು ಸುಕ್ಕಾಗಿ, ಬಾಲ ಬಿಟ್ಟು, ಮೊಗ್ಗು ಒಡೆದು ಚೂರಾಗುತ್ತದೆ. ನೀರು ಕುಡಿದು ಊದಿದ ಕೋಶದ ಪೊರೆ ಬಿಗಿಯಾಗಿರುತ್ತದೆ, ಸುಕ್ಕು ಇರುವುದಿಲ್ಲ. ಕಣ್ಣಿಗೆ ಸಿಗುವ ಮೊದಲ ಸುಳಿವು ಇದು. ಆದರೆ ಇದೊಂದನ್ನೇ ನಂಬಬಾರದು.

ಬ್ಯಾಸಿಲಸ್ ಸಬ್ಟಿಲಿಸ್‌ನ ಮೂಲ ತಳಿ ಗಾಳಿಯಿರುವಲ್ಲಿ ಸುಲಭವಾಗಿ ಎಲ್-ರೂಪ ತಾಳುವುದಿಲ್ಲ, ಅದಕ್ಕೆ ಜೀನುಗಳಲ್ಲಿ ರೂಪಾಂತರಗಳು (ಮ್ಯುಟೇಷನ್) ಬೇಕು. ಅದು ಸಕ್ಕರೆಯನ್ನೂ ತಿನ್ನುತ್ತದೆ. ಹಾಗಾಗಿ ನಾವು ಬಳಸುವುದು ಇ. ಕೋಲಿಯ ಕೆ-12 ತಳಿ. ಅದು ಸುಕ್ರೋಸನ್ನು ಬಳಸಿಕೊಳ್ಳಲಾರದು, ಹಾಗಾಗಿ ಗೋಡೆಯಿಲ್ಲದ ಕೋಶ ನೀರು ಕುಡಿದು ಒಡೆಯದಿರಲಿ ಎಂದು ನಾವು ಆಸರೆಗೆ ಹಾಕಿದ ಈ ಸಕ್ಕರೆ ಕೊನೆಯವರೆಗೂ ಹಾಗೇ ಇರುತ್ತದೆ. ಕೆರೆ ನೀರಿನಿಂದಲೋ ಸಗಣಿಯಿಂದಲೋ ತೆಗೆದ ಇ. ಕೋಲಿ ಬೇಡ. ಅವುಗಳಲ್ಲಿ ಅನೇಕವು ಸುಕ್ರೋಸನ್ನು ಹುಳಿಸುತ್ತವೆ. ಆಸರೆಯೂ ಹೋಗುತ್ತದೆ, ಪಿಹೆಚ್ ಕೂಡ ಇಳಿಯುತ್ತದೆ, ಜೊತೆಗೆ ರೋಗಕಾರಕವಾಗಿರುವ ಅಪಾಯವೂ ಇದೆ. ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ಹೆಸರು ಗೊತ್ತಿರುವ ತಳಿಯನ್ನೇ ತರಿಸಿಕೊಳ್ಳಿ.

ಇಡೀ ಕೆಲಸ ನಿಂತಿರುವುದು ಮಾಧ್ಯಮದ ಮೇಲೆ. ಆಸರೆ ದ್ರಾವಣವನ್ನು ಎರಡು ಪಟ್ಟು ಸಾಂದ್ರತೆಯಲ್ಲಿ ಮಾಡಿಟ್ಟುಕೊಳ್ಳುತ್ತೇವೆ. 1 ಲೀಟರಿಗೆ ಸುಕ್ರೋಸ್ 342.3 ಗ್ರಾಂ, ಮೆಲೆಯಿಕ್ ಆಮ್ಲ 4.64 ಗ್ರಾಂ, ಆರು ನೀರಿನ ಮೆಗ್ನೀಸಿಯಂ ಕ್ಲೋರೈಡ್ 8.13 ಗ್ರಾಂ. ಇದನ್ನು ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವವಾದ, ಎರಡು ಪಟ್ಟಿನ ನ್ಯೂಟ್ರಿಯೆಂಟ್ ಬ್ರಾತ್‌ಗೆ ಸಮ ಪಾಲು ಬೆರೆಸಿದರೆ ಕೊನೆಗೆ ಸುಕ್ರೋಸ್ ಅರ್ಧ ಮೋಲಾರ್, ಮೆಗ್ನೀಸಿಯಂ ಮತ್ತು ಮೆಲೆಯೇಟ್ ತಲಾ 20 ಮಿಲಿಮೋಲಾರ್ ಆಗುತ್ತವೆ. ಬ್ರಾತ್ ಡಬ್ಬಿಯ ಮೇಲೆ ಲೀಟರಿಗೆ 13 ಗ್ರಾಂ ಎಂದಿದ್ದರೆ 26 ಗ್ರಾಂ ಹಾಕಬೇಕು.

ಎಲ್ಲರೂ ಎಡವುವ ಜಾಗ ಒಂದಿದೆ. 1 ಲೀಟರ್ ನೀರು ಅಳೆದು ಅದಕ್ಕೆ ಸಕ್ಕರೆ ಸುರಿಯುತ್ತಾರೆ. 342 ಗ್ರಾಂ ಸಕ್ಕರೆ ತಾನೇ ಸುಮಾರು 210 ಮಿಲಿಲೀಟರ್ ಜಾಗ ಹಿಡಿಯುತ್ತದೆ, ದ್ರಾವಣ 1.2 ಲೀಟರ್ ದಾಟುತ್ತದೆ. ಅರ್ಧ ಮೋಲಾರ್ ಇರಬೇಕಾದದ್ದು 0.41ಕ್ಕೆ ಇಳಿಯುತ್ತದೆ, ಕೋಶಗಳು ಒಡೆಯುತ್ತವೆ, ಗೋಡೆ ಕಳಚಲು ಹಾಕುವ ಔಷಧಿಯ ಮೇಲೆ ಆರೋಪ ಬರುತ್ತದೆ. 600 ಮಿಲಿಲೀಟರ್ ಬೆಚ್ಚಗಿನ ಭಟ್ಟಿ ನೀರಿನಲ್ಲಿ ಕರಗಿಸಿ, ತಣಿದ ಮೇಲೆ 1 ಲೀಟರಿಗೆ ತುಂಬಿಸಿ. ಎರಡನೆಯದು, ಪಿಹೆಚ್ 7ಕ್ಕೆ ತಂದ ಮೇಲೆಯೇ ಮೆಗ್ನೀಸಿಯಂ ಹಾಕಬೇಕು. ಮೆಲೆಯಿಕ್ ಆಮ್ಲವನ್ನು ಅಲ್ಲಿಗೆ ತರಲು 10 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 7.6 ಮಿಲಿಲೀಟರ್ ಹಿಡಿಯುತ್ತದೆ. ಮೆಗ್ನೀಸಿಯಂ ಮೊದಲೇ ಇದ್ದರೆ ಕ್ಷಾರದ ಹನಿ ಬಿದ್ದಲ್ಲೆಲ್ಲ ಬಿಳಿ ಗಸಿ ಕಟ್ಟುತ್ತದೆ, ಅದು ಮತ್ತೆ ಕರಗಲು ಹೊತ್ತು ಹಿಡಿಯುತ್ತದೆ. ಅಂಗಡಿ ಸಕ್ಕರೆಯನ್ನಂತೂ ಬಳಸಬೇಡಿ. ನಮ್ಮಲ್ಲಿ ಸಿಗುವ ಬಿಳಿ ಸಕ್ಕರೆ ಹೆಚ್ಚಿನದು ಗಂಧಕದ ಅನಿಲ ಹಾಯಿಸಿ ಬಿಳುಪು ಮಾಡಿದ್ದು, ಸಲ್ಫೈಟ್ ಉಳಿಕೆ ಇರುತ್ತದೆ. ಗೋಡೆಯಿಲ್ಲದ ಕೋಶಕ್ಕೆ ಅಷ್ಟೂ ಭಾರವೇ.

ಕ್ರಿಮಿನಾಶನದ ವಿಷಯದಲ್ಲಿ ಮಲೆನಾಡಿನ ಅಂಚಿನ ನಾವು ಒಂದು ಲೆಕ್ಕ ನೆನಪಿಡಬೇಕು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಆಟೊಕ್ಲೇವ್‌ನ ಮುಳ್ಳು 15 ಪೌಂಡ್ ತೋರಿಸಿದಾಗ ಒಳಗೆ 121 ಡಿಗ್ರಿ ಇರುವುದಿಲ್ಲ, 119ರ ಆಸುಪಾಸು ಇರುತ್ತದೆ. ಚಿಕ್ಕಮಗಳೂರಿನಲ್ಲಿ ಇನ್ನೂ ತುಸು ಕಡಿಮೆ. ಹಾಗಾಗಿ ಬ್ರಾತ್‌ಗೆ 15 ನಿಮಿಷದ ಬದಲು 25 ನಿಮಿಷ ಕೊಡುತ್ತೇವೆ. ಸುಕ್ರೋಸ್ ದ್ರಾವಣವನ್ನು ಮಾತ್ರ ಆಟೊಕ್ಲೇವ್‌ಗೆ ಇಡುವುದಿಲ್ಲ. ಬಿಸಿಗೆ ಅದು ಕಂದಿ, ಒಂದಷ್ಟು ಒಡೆದು ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಇಲ್ಲಿ ಶತ್ರು, ಯಾಕೆಂದು ಮುಂದೆ ಹೇಳುತ್ತೇನೆ. 0.22 ಮೈಕ್ರಾನ್ ಜರಡಿಯಲ್ಲಿ ಸೋಸುತ್ತೇವೆ. ಜಿಲೇಬಿ ಪಾಕದಷ್ಟಲ್ಲದಿದ್ದರೂ ಶರಬತ್ತಿಗಿಂತ ಮಂದವಾದ ದ್ರಾವಣ, ತಣ್ಣಗಿದ್ದರೆ ಇಳಿಯುವುದೇ ಇಲ್ಲ. 37 ಡಿಗ್ರಿಗೆ ಬೆಚ್ಚಗೆ ಮಾಡಿ ಸೋಸಿದರೆ ಕೆಲಸ ಬೇಗ ಮುಗಿಯುತ್ತದೆ.

ಗೋಡೆ ಕಳಚಲು ಬಳಸುವುದು ಫಾಸ್ಫೊಮೈಸಿನ್ ಎಂಬ ಪ್ರತಿಜೀವಕ ಔಷಧಿ, ಮಿಲಿಲೀಟರಿಗೆ 400 ಮೈಕ್ರೊಗ್ರಾಂ. 1956ರಲ್ಲಿ ಜೋಶುವಾ ಲೆಡರ್‌ಬರ್ಗ್ ಇ. ಕೋಲಿಯನ್ನು ಸುಕ್ರೋಸ್ ಮತ್ತು ಮೆಗ್ನೀಸಿಯಂ ಇರುವ ಮಾಧ್ಯಮದಲ್ಲಿ ಪೆನಿಸಿಲಿನ್ ಕೊಟ್ಟು ಗುಂಡಗಾಗಿಸಿದ್ದರು. ಪೆನಿಸಿಲಿನ್ ಗೋಡೆ ಹೆಣೆಯುವ ಕೊನೆಯ ಹಂತವನ್ನು ತಡೆಯುತ್ತದೆ, ಕೋಶ ಮಾತ್ರ ಗೋಡೆಯ ನೂಲು ತಯಾರಿಸುತ್ತಲೇ ಇರುತ್ತದೆ, ತಯಾರಿಸಿದ್ದನ್ನು ತಾನೇ ಕಿತ್ತು ಹಾಕುತ್ತದೆ. ಫಾಸ್ಫೊಮೈಸಿನ್ ನೂಲಿನ ಮೊದಲ ಹೆಜ್ಜೆಯನ್ನೇ, ಅಂದರೆ ಮರ್-ಎ ಕಿಣ್ವವನ್ನೇ ಮುಚ್ಚುತ್ತದೆ. ಈ ವ್ಯರ್ಥ ದುಡಿಮೆ ತಪ್ಪುವುದರಿಂದ ಬೆಳವಣಿಗೆಯ ಲೆಕ್ಕಕ್ಕೆ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಔಷಧಿ ಅಂಗಡಿಯಲ್ಲಿ ಮೂತ್ರದ ಸೋಂಕಿಗೆ ಕೊಡುವ 3 ಗ್ರಾಂ ಪೊಟ್ಟಣ ಬೇಡ, ಅದರಲ್ಲಿ ಸಿಹಿ, ಸುವಾಸನೆಗಳು ಸೇರಿರುತ್ತವೆ. ಪ್ರಯೋಗಾಲಯ ದರ್ಜೆಯ ಡೈಸೋಡಿಯಂ ಲವಣ ತರಿಸಿ.

ಈ ಔಷಧಿ ಕೋಶದೊಳಗೆ ಹೋಗುವುದು ಎರಡು ಬಾಗಿಲಿನಿಂದ: ಜಿಎಲ್‌ಪಿ-ಟಿ ಮತ್ತು ಯುಹೆಚ್‌ಪಿ-ಟಿ ಎಂಬ ಸಾಗಣೆ ಪ್ರೋಟೀನುಗಳು. ಗ್ಲೂಕೋಸ್ ಇದ್ದರೆ ಕೋಶ ಈ ಎರಡೂ ಬಾಗಿಲು ಮುಚ್ಚಿಕೊಳ್ಳುತ್ತದೆ, ಔಷಧಿ ಹೊರಗೇ ಉಳಿಯುತ್ತದೆ. ಮಿಲಿಲೀಟರಿಗೆ 25 ಮೈಕ್ರೊಗ್ರಾಂ ಗ್ಲೂಕೋಸ್-6-ಫಾಸ್ಫೇಟ್ ಹಾಕಿದರೆ ಎರಡನೆಯ ಬಾಗಿಲು ತೆರೆಯುತ್ತದೆ. ಇಷ್ಟಾದರೂ ಬಾಗಿಲೇ ಕೆಟ್ಟುಹೋದ ರೂಪಾಂತರಿಗಳು ತಾವಾಗಿ ಹುಟ್ಟುತ್ತವೆ. ಅವಕ್ಕೆ ಗೋಡೆ ಇರುತ್ತದೆ, ಕಡ್ಡಿಯಾಕಾರ ಇರುತ್ತದೆ, ಎಲ್-ರೂಪಕ್ಕಿಂತ ಎಷ್ಟೋ ಬೇಗ ಗುಣಿಸುತ್ತವೆ. ಎರಡನೇ ದಿನ ಬಾಟಲಿ ಚೆನ್ನಾಗಿ ಮಂಕಾದರೆ ಸಂತೋಷಪಡುವ ಮುನ್ನ ಇದನ್ನು ಅನುಮಾನಿಸಿ. ಪರೀಕ್ಷೆ ಸುಲಭ: ಸುಕ್ರೋಸ್ ಇಲ್ಲದ, ಫಾಸ್ಫೊಮೈಸಿನ್ ಇರುವ ಮಾಮೂಲಿ ಅಗರ್ ತಟ್ಟೆಗೆ ಹಚ್ಚಿ. ಗೋಡೆಯಿಲ್ಲದ್ದು ಅಲ್ಲಿ ಬದುಕಲಾರದು. ಅಲ್ಲಿ ಬಂದ ಪ್ರತಿ ಕಾಲೊನಿಯೂ ಗೋಡೆ ಉಳಿಸಿಕೊಂಡ ರೂಪಾಂತರಿ. ಪ್ರತಿ ಹೊತ್ತಿನ ಮಾದರಿಗೂ ಈ ತಟ್ಟೆ ಹಾಕದೆ ನಾವು ಯಾವ ಅಂಕಿಯನ್ನೂ ಬರೆದುಕೊಳ್ಳುವುದಿಲ್ಲ.

ಕ್ರಮ ಹೀಗೆ. ರಾತ್ರಿ ಬೆಳೆಸಿದ್ದನ್ನು ಬೆಳಿಗ್ಗೆ ಹೊಸ ಬ್ರಾತ್‌ಗೆ 100ಕ್ಕೆ 1ರಂತೆ ಹಾಕಿ, ಚುರುಕಾಗಿ ಗುಣಿಸುತ್ತಿರುವಾಗ ಸೆಂಟ್ರಿಫ್ಯೂಜಿನಲ್ಲಿ 2,000 ಜಿ ಬಲದಲ್ಲಿ 10 ನಿಮಿಷ ತಿರುಗಿಸಿ ತಳದಲ್ಲಿ ಕೂತ ಕೋಶಗಳ ಗಸಿಯನ್ನು ತೆಗೆದುಕೊಳ್ಳಿ. ಅದನ್ನು ಔಷಧಿ ಬೆರೆತ ಆಸರೆ ಮಾಧ್ಯಮದಲ್ಲಿ, 600 ನ್ಯಾನೊಮೀಟರಿನಲ್ಲಿ ಮಂಕು (ಬೆಳಕನ್ನು ತಡೆಯುವ ಅಳತೆ) 0.1 ಬರುವಂತೆ ಕಲಸಿ, 30 ಡಿಗ್ರಿಯಲ್ಲಿ ಅಲುಗಾಡಿಸದೆ ಇಡಿ. ಜುಲೈ ಮಳೆಯಲ್ಲಿ, ಡಿಸೆಂಬರ್ ಚಳಿಯಲ್ಲಿ ಇಲ್ಲಿನ ಕೋಣೆಯ ಉಷ್ಣತೆಯನ್ನು ನೆಚ್ಚಿಕೊಳ್ಳುವಂತಿಲ್ಲ, ಇನ್‌ಕ್ಯುಬೇಟರ್ ಬೇಕೇ ಬೇಕು. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಒಳಗೆ ನಾಲ್ಕು ಬಾಟಲಿ 30 ಡಿಗ್ರಿಯ ನೀರಿಟ್ಟಿದ್ದರೆ ಉಷ್ಣತೆ ನಿಧಾನವಾಗಿ ಇಳಿಯುತ್ತದೆ.

ಇಲ್ಲಿಂದ ಮುಂದೆ ವೋರ್ಟೆಕ್ಸ್ (ಕೊಳವೆಯನ್ನು ಜೋರಾಗಿ ಕುಲುಕುವ ಯಂತ್ರ) ಮುಟ್ಟಬಾರದು. ಪಿಪೆಟ್‌ನ ತುದಿಯನ್ನು ಶುದ್ಧ ಬ್ಲೇಡಿನಿಂದ ಅರ್ಧ ಸೆಂಟಿಮೀಟರ್ ಕತ್ತರಿಸಿ ಬಾಯಿ ಅಗಲ ಮಾಡಿಕೊಳ್ಳಿ. ಸಣ್ಣ ತೂತಿನಲ್ಲಿ ಎಳೆದರೆ ಕೋಶ ಅಲ್ಲೇ ಹರಿಯುತ್ತದೆ. ಸೆಂಟ್ರಿಫ್ಯೂಜ್ ನಿಲ್ಲಿಸುವಾಗ ಬ್ರೇಕ್ ಹಾಕಬೇಡಿ.

ಸ್ಲೈಡ್ ಮಾಡುವಾಗ ಒಣಗಿಸಿ ಬೆಂಕಿಗೆ ತೋರಿಸುವ ಅಭ್ಯಾಸ ಬಿಡಬೇಕು, ಗ್ರಾಂ ಬಣ್ಣದ ಮಾತೇ ಇಲ್ಲ. ಅದೇ ಆಸರೆ ಮಾಧ್ಯಮದಲ್ಲಿ ಒಂದು ಹನಿ, ಅದರ ಎರಡೂ ಬದಿಗೆ ಸೆಲ್ಲೊಟೇಪಿನ ಎರಡು ಪಟ್ಟಿ, ಮೇಲೆ ಕವರ್‌ಸ್ಲಿಪ್. ಟೇಪು ಇಲ್ಲದಿದ್ದರೆ ಕವರ್‌ಸ್ಲಿಪ್ಪಿನ ಒತ್ತಕ್ಕೆ ಗೋಳ ಚಪಾತಿಯಾಗಿ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಂಚಿಗೆ ವ್ಯಾಸಲೀನ್ ಸವರಿ, ಉಗುರು ಬಣ್ಣ ಬೇಡ, ಅದರ ದ್ರಾವಕ ಒಳಗಿಳಿಯುತ್ತದೆ. ಹನಿ ಆರುತ್ತಾ ಬಂದರೆ ಸಕ್ಕರೆ ಗಟ್ಟಿಯಾಗಿ ಕೋಶ ಕುಗ್ಗುತ್ತದೆ, ಹಾಗಾಗಿ ಒಂದು ಸ್ಲೈಡನ್ನು 15 ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ.

ಈಗ ನೋಡಬೇಕಾದದ್ದು. ಮೊದಲ ಒಂದೆರಡು ಗಂಟೆಯಲ್ಲಿ ಕಡ್ಡಿಯ ನಡುವೆಯೋ ತುದಿಯಲ್ಲೋ ಒಂದು ಗುಳ್ಳೆ ಹೊರಡುತ್ತದೆ, ಕಡ್ಡಿಯ ಒಳಗಿನದೆಲ್ಲ ಮೆಲ್ಲಗೆ ಅದರೊಳಕ್ಕೆ ಇಳಿಯುತ್ತದೆ. ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಡ್ಯಾಪಿ (ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ) ಹಾಕಿ 10 ನಿಮಿಷ ಕತ್ತಲಲ್ಲಿಟ್ಟು ನೋಡಿದರೆ ಎರಡು ಬಗೆಯ ಗೋಳಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಒಂದರಲ್ಲಿ ನಡುವೆಲ್ಲ ಖಾಲಿ, ತಿಳಿಯಾದ ದೊಡ್ಡ ಕುಹರ, ನೀಲಿ ಎಲ್ಲ ಒಂದು ಮುದ್ದೆಯಾಗಿ ಅಂಚಿಗೆ ಒತ್ತಿಕೊಂಡಿರುತ್ತದೆ, ತುಂಬುಚಂದ್ರನ ಬದಿಗೆ ಬಿಗಿದ ಉಗುರಿನ ಗೀರಿನಂತೆ. ಇನ್ನೊಂದರ ಒಡಲು ಒಂದೇ ಸಮನೆ ಮಂದವಾಗಿದ್ದು, ಹತ್ತಾರು ನೀಲಿ ಚುಕ್ಕೆಗಳು ಗದ್ದೆಯ ಕಪ್ಪೆಮೊಟ್ಟೆಯಂತೆ ಚದುರಿರುತ್ತವೆ. ಮೊದಲನೆಯದು ಊದಿದ್ದು, ಎರಡನೆಯದು ಬೆಳೆದದ್ದು. 2 ಮೈಕ್ರಾನ್ ಉದ್ದ, 0.8 ಮೈಕ್ರಾನ್ ದಪ್ಪದ ಕಡ್ಡಿಯ ಗಾತ್ರ ಹೆಚ್ಚೆಂದರೆ ಒಂದು ಘನ ಮೈಕ್ರಾನ್. 4 ಮೈಕ್ರಾನ್ ವ್ಯಾಸದ ಗೋಳದ ಗಾತ್ರ 33. ಆ ಗೋಳ ನಿಜವಾಗಿ ಬೆಳೆದಿದ್ದರೆ ಅದರಲ್ಲಿ ಹತ್ತಾರು ವರ್ಣತಂತುಗಳು ಇರಲೇಬೇಕು, ಯಾಕೆಂದರೆ ಇ. ಕೋಲಿ ಹೊಸ ನಕಲನ್ನು ಶುರುಮಾಡುವುದು ಒಡಲಿನ ಗಾತ್ರಕ್ಕೆ ತಕ್ಕಂತೆ. ಗೋಡೆಗೂ ಅದಕ್ಕೂ ನೇರ ನಂಟಿಲ್ಲ.

ಕಣ್ಣಿನ ಲೆಕ್ಕಕ್ಕೆ ರಾಸಾಯನಿಕ ಸಾಕ್ಷಿ ಬೇಕು. ಮಂಕು ಅಳೆಯುವುದು ಇಲ್ಲಿ ಪ್ರಯೋಜನವಿಲ್ಲ. ಕೋಶದ ಆಕಾರ ಬದಲಾದಂತೆ ಬೆಳಕು ಚದುರುವ ರೀತಿಯೂ ಬದಲಾಗುತ್ತದೆ, ಸಕ್ಕರೆ ನೀರಿನಲ್ಲಿ ಚದುರುವುದೇ ಕಡಿಮೆ. ನಾವು ಡಿಎನ್‌ಎಯನ್ನು 1956ರ ಬರ್ಟನ್ ವಿಧಾನದಲ್ಲಿ, ಡಿಎನ್‌ಎ ಜೊತೆ ನೀಲಿ ಬಣ್ಣ ಕೊಡುವ ಡೈಫಿನೈಲಮೀನ್‌ನಿಂದ ಅಳೆಯುತ್ತೇವೆ. ಪದವಿ ಕಾಲೇಜಿನ ಕಲರಿಮೀಟರ್ ಇದಕ್ಕೆ ಸಾಕು. 0, 1, 2, 4, 6ನೇ ಗಂಟೆಗೆ ತಲಾ 50 ಮಿಲಿಲೀಟರ್ ತೆಗೆಯಿರಿ. ಒಂದು ಇ. ಕೋಲಿ ವರ್ಣತಂತು 46.4 ಲಕ್ಷ ಡಿಎನ್‌ಎ ಅಕ್ಷರಗಳ ಜೋಡಿ, ತೂಕ ಸುಮಾರು 5 ಫೆಮ್ಟೊಗ್ರಾಂ. ನೂರು ಕೋಟಿ ವರ್ಣತಂತು ಸೇರಿದರೆ 5 ಮೈಕ್ರೊಗ್ರಾಂ. ಬಣ್ಣ ಸರಿಯಾಗಿ ಓದಲು ಇನ್ನೂ ಕೆಲವು ಪಟ್ಟು ಬೇಕು, ಆದ್ದರಿಂದ ಮಾದರಿಯಲ್ಲಿ ಜಿಪುಣತನ ಮಾಡಬೇಡಿ.

ತೆಗೆದ ಮಾದರಿಗೆ ಮೊದಲು ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ), ಮಿಲಿಲೀಟರಿಗೆ 10 ಮೈಕ್ರೊಗ್ರಾಂ, 10 ನಿಮಿಷ. ಅದಕ್ಕೆ ಬೇಕಾದ ಮೆಗ್ನೀಸಿಯಂ ಮಾಧ್ಯಮದಲ್ಲೇ ಇದೆ. ಇದನ್ನು ಬಿಟ್ಟರೆ ಸತ್ತು ಒಡೆದ ಕೋಶಗಳ ಡಿಎನ್‌ಎ ಲೋಳೆಯಾಗಿ ಬದುಕಿರುವವುಗಳಿಗೆ ಅಂಟಿಕೊಂಡು ಲೆಕ್ಕಕ್ಕೆ ಸೇರುತ್ತದೆ. ನಂತರ ಮೆಲ್ಲಗೆ ತಿರುಗಿಸಿ, ಮೇಲಿನ ದ್ರವವನ್ನು ಪೂರ್ತಿ ಚೆಲ್ಲಿ, ಗಸಿಗೆ ಮಂಜುಗಡ್ಡೆಯಷ್ಟು ತಣ್ಣಗಿನ ಅರ್ಧ ನಾರ್ಮಲ್ ಪರ್ಕ್ಲೋರಿಕ್ ಆಮ್ಲ ಹಾಕಿ ಎರಡು ಬಾರಿ ತೊಳೆಯಿರಿ. ಈ ತೊಳೆಯುವುದರಲ್ಲಿ ಅವಸರ ಮಾಡಿದರೆ ಇಡೀ ದಿನ ಹಾಳು, ಯಾಕೆಂದರೆ ಸುಕ್ರೋಸ್‌ನ ಫ್ರಕ್ಟೋಸ್ ಭಾಗವೂ ಡೈಫಿನೈಲಮೀನ್ ಜೊತೆ ನೀಲಿ ಕೊಡುತ್ತದೆ. ಕೋಶವೇ ಇಲ್ಲದ ಬರೀ ಮಾಧ್ಯಮವನ್ನೂ ಇದೇ ಹಂತಗಳಲ್ಲಿ ಹಾಯಿಸಿ. ಅದು ನೀಲಿಯಾದರೆ ನಿಮ್ಮ ತೊಳೆತ ಸಾಲದು. ತೊಳೆದ ಗಸಿಯನ್ನು 1 ಮಿಲಿಲೀಟರ್ ಅದೇ ಆಮ್ಲದಲ್ಲಿ 70 ಡಿಗ್ರಿಗೆ 20 ನಿಮಿಷ ಇಟ್ಟು ತಿರುಗಿಸಿ, ಮೇಲಿನ ತಿಳಿಗೆ ಎರಡು ಪಟ್ಟು ಕಾರಕ ಸೇರಿಸಿ. ಕಾರಕ ಎಂದರೆ 100 ಮಿಲಿಲೀಟರ್ ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಡೈಫಿನೈಲಮೀನ್ 1.5 ಗ್ರಾಂ, ಸಾಂದ್ರ ಗಂಧಕಾಮ್ಲ 1.5 ಮಿಲಿಲೀಟರ್, ಬಳಸುವ ದಿನ ಮಿಲಿಲೀಟರಿಗೆ 16 ಮಿಲಿಗ್ರಾಂ ಇರುವ ಅಸಿಟಾಲ್ಡಿಹೈಡ್ 0.5 ಮಿಲಿಲೀಟರ್. 30 ಡಿಗ್ರಿ ಕತ್ತಲಲ್ಲಿ 16ರಿಂದ 20 ಗಂಟೆ ಇಟ್ಟು 600 ನ್ಯಾನೊಮೀಟರಿನಲ್ಲಿ ಓದಿ. ಪರ್ಕ್ಲೋರಿಕ್ ಆಮ್ಲವನ್ನು ಸಾಂದ್ರವಾಗಿ ಎಂದೂ ಬಿಸಿ ಮಾಡಬೇಡಿ, ಮರದ ಕಪಾಟಿನಲ್ಲಿ ಇಡಬೇಡಿ. ಉಳಿದ ಗಸಿಯನ್ನು ಕ್ಷಾರದಲ್ಲಿ ಕರಗಿಸಿ ಲೌರಿ ವಿಧಾನದಲ್ಲಿ ಪ್ರೋಟೀನ್ ಅಳೆಯಿರಿ.

ಎರಡು ಅಂಕಿಗಳನ್ನು ಜೊತೆಗಿಟ್ಟು ಓದಬೇಕು. ಡಿಎನ್‌ಎ, ಪ್ರೋಟೀನ್ ಎರಡೂ ಏರಿದರೆ ಬೆಳವಣಿಗೆ. ಗೋಳ ದೊಡ್ಡದಾಗಿಯೂ ಎರಡೂ ನಿಂತಲ್ಲೇ ನಿಂತರೆ ಬರೀ ಊತ. ಹೋಲಿಕೆಗೆ ಇನ್ನೊಂದು ಬಾಟಲಿಗೆ ಮಿಲಿಲೀಟರಿಗೆ 50 ಮೈಕ್ರೊಗ್ರಾಂ ನಾಲಿಡಿಕ್ಸಿಕ್ ಆಮ್ಲ ಹಾಕುತ್ತೇವೆ. ಅದು ಗೈರೇಸ್ ಕಿಣ್ವವನ್ನು ಹಿಡಿದು ನಕಲನ್ನು ನಿಲ್ಲಿಸುತ್ತದೆ. ಅಲ್ಲಿ ಪ್ರೋಟೀನ್ ಸ್ವಲ್ಪ ಹೊತ್ತು ಏರಿಯೂ ಡಿಎನ್‌ಎ ಏರದಿದ್ದರೆ ನಿಮ್ಮ ಅಳತೆ ಸರಿಯಿದೆ ಎಂದರ್ಥ.

ಕ್ಯುಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಲೆಕ್ಕ ಹಾಕುವ) ಯಂತ್ರ ಇರುವ ಕಡೆ ಡಿಎನ್‌ಎ ಕಳಿಸುವ ಅನುಕೂಲವಿದ್ದರೆ ಇನ್ನೂ ಚೊಕ್ಕ ಸಾಕ್ಷಿ ಸಿಗುತ್ತದೆ. ವರ್ಣತಂತುವಿನ ನಕಲು ಒಂದೇ ಜಾಗದಲ್ಲಿ ಶುರುವಾಗಿ ಎರಡೂ ದಿಕ್ಕಿಗೆ ಓಡಿ ಎದುರು ತುದಿಯಲ್ಲಿ ಮುಗಿಯುತ್ತದೆ. 37 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 1,000 ಅಕ್ಷರ. 23.2 ಲಕ್ಷದ ಅರ್ಧ ಸುತ್ತಿಗೆ 39 ನಿಮಿಷ. ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ 1968ರಲ್ಲಿ ಕಂಡ 40 ನಿಮಿಷ ಇದೇ. ಶುರುವಿನ ಪಕ್ಕದ ಎಂಎನ್‌ಎಂ-ಜಿ ಜೀನಿಗೊಂದು, ಮುಕ್ತಾಯದ ಡಿಫ್ ಜಾಗಕ್ಕೊಂದು ಪ್ರೈಮರ್ ಜೋಡಿ (ಆ ಜಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ಎಳೆಗಳು) ಬೇಕು. ಶುರುವಿನ ಪ್ರತಿಗಳು ಮುಕ್ತಾಯದ ಪ್ರತಿಗಳಿಗಿಂತ ಎಷ್ಟು ಪಟ್ಟು ಎಂದರೆ, ನಕಲಿನ ಅವಧಿಯನ್ನು ಇಮ್ಮಡಿಯಾಗುವ ಅವಧಿಯಿಂದ ಭಾಗಿಸಿ, 2ನ್ನು ಅಷ್ಟು ಘಾತಕ್ಕೆ ಏರಿಸಿದಷ್ಟು. ಇಮ್ಮಡಿ ಅವಧಿ 40 ನಿಮಿಷವಾದರೆ 2 ಪಟ್ಟು, 80 ನಿಮಿಷವಾದರೆ 1.41 ಪಟ್ಟು. ಹೊಸ ನಕಲು ಶುರುವಾಗುವುದು ನಿಂತು, ನಡೆಯುತ್ತಿದ್ದವು ಮುಗಿದಿದ್ದರೆ 1. ಎಲ್-ರೂಪ ನಿಧಾನ, ಹಾಗಾಗಿ ಹುಡುಕುವ ವ್ಯತ್ಯಾಸ ಯಂತ್ರದ ಅರ್ಧ ಚಕ್ರದಷ್ಟೇ (ಒಂದು ಚಕ್ರಕ್ಕೆ ಪ್ರತಿಗಳು ಇಮ್ಮಡಿ) ಇರುತ್ತದೆ. ಮೂರು ಪುನರಾವರ್ತನೆ ಇಲ್ಲದೆ ಅದನ್ನು ನಂಬಲಾಗದು. ರಾತ್ರಿಯಿಡೀ ಬೆಳೆದು ನಿಂತ ಮಾಮೂಲಿ ಕೋಶಗಳ ಡಿಎನ್‌ಎಯನ್ನು 1 ಎಂದು ಹಿಡಿದು ಹೋಲಿಸಿ. 30 ಡಿಗ್ರಿಯಲ್ಲಿ ನಕಲು 40 ನಿಮಿಷಕ್ಕಿಂತ ನಿಧಾನ ಎಂಬುದನ್ನು ಮರೆಯಬೇಡಿ, 37ರ ಅಂಕಿಯನ್ನು ಹಾಗೇ ತುರುಕಬಾರದು.

ಕಾಲೊನಿ ಬೇಕೆಂದರೆ ತಟ್ಟೆಗೆ ಅಗರ್ ಶೇ. 1 ಮಾತ್ರ, ಗಟ್ಟಿಯಾದರೆ ಎಲ್-ರೂಪ ಒಳಗಿಳಿಯಲಾರದು. ಅಗರ್ 55 ಡಿಗ್ರಿಗೆ ಇಳಿದಾಗ ಆಸರೆ ದ್ರಾವಣವೂ ಅಷ್ಟೇ ಬೆಚ್ಚಗಿರಬೇಕು, ಇಲ್ಲವಾದರೆ ಗಂಟುಗಂಟಾಗುತ್ತದೆ. ತಟ್ಟೆಗಳನ್ನು ಆಮ್ಲಜನಕವಿಲ್ಲದ ಜಾಡಿಯಲ್ಲಿ ಇಡುತ್ತೇವೆ. ಗೋಡೆಯ ಕೆಲಸ ನಿಂತಾಗ ಉಸಿರಾಟದ ಸರಪಳಿಯಿಂದ ಹಾನಿಕರ ಆಮ್ಲಜನಕ ರೂಪಗಳು ಹೆಚ್ಚುತ್ತವೆ, ಎಲ್-ರೂಪವನ್ನು ಕೊಲ್ಲುವುದು ಬಹುಪಾಲು ಅದೇ ಎಂದು 2015ರಲ್ಲಿ ನ್ಯೂಕ್ಯಾಸಲ್ ತಂಡ ತೋರಿಸಿದೆ. ಮೋಂಬತ್ತಿ ಜಾಡಿ ಸಾಲದು, ದೀಪ ಆರಿದ ಮೇಲೂ ಅದರಲ್ಲಿ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. ಅನಿಲ ಪೊಟ್ಟಣ ಮತ್ತು ಮೆಥಿಲೀನ್ ಬ್ಲೂ ಸೂಚಕ ಬಳಸಿ. ಗ್ಲೂಕೋಸ್ ಕೊಡುವಂತಿಲ್ಲವಾದ್ದರಿಂದ ಶೇ. 0.1 ಪೊಟ್ಯಾಸಿಯಂ ನೈಟ್ರೇಟ್ ಸೇರಿಸುತ್ತೇವೆ, ಆಮ್ಲಜನಕದ ಬದಲು ಕೋಶ ಅದನ್ನು ಬಳಸಿಕೊಳ್ಳುತ್ತದೆ. ಕೆಲವು ದಿನಕ್ಕೆ ಸಾಸಿವೆಗಿಂತ ಚಿಕ್ಕ, ನಡುವೆ ಒತ್ತಾದ, ಸುತ್ತ ತೆಳುವಾದ ಕಾಲೊನಿಗಳು ಬರುತ್ತವೆ. ಔಷಧಿಯಿಲ್ಲದ ತಟ್ಟೆಗೆ ದಾಟಿಸಿದಾಗ ಕಡ್ಡಿಯಾಕಾರಕ್ಕೆ ಮರಳಿ, ಕರುಳಿನ ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ ಮೆಕಾಂಕಿ ಅಗರ್‌ನಲ್ಲಿ ಮೂಲ ತಳಿಯಂತೆಯೇ ವರ್ತಿಸಿದರೆ ಬೇರೆ ಜೀವಿ ಸೇರಿಲ್ಲ ಎಂಬ ಧೈರ್ಯ.

ಈ ತಟ್ಟೆಗಳಿಗೆ ಇರುವೆ ಮುತ್ತುವುದು ಖಂಡಿತ, ಇರುವೆಯ ಹಿಂದೆ ಬೂಷ್ಟೂ ಬರುತ್ತದೆ. ಇನ್‌ಕ್ಯುಬೇಟರಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟು, ತಟ್ಟೆಯ ಅಂಚಿಗೆ ಪ್ಯಾರಾಫಿಲ್ಮ್ ಸುತ್ತುತ್ತೇವೆ. ಕೆಲಸ ಮುಗಿದ ಮಾಧ್ಯಮವನ್ನು ಬರೀ ಬ್ಲೀಚಿಂಗ್ ದ್ರಾವಣಕ್ಕೆ ಸುರಿದರೆ ಸಾಲದು, ಬ್ರಾತ್‌ನ ಪ್ರೋಟೀನೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ. 15 ಪೌಂಡಿನಲ್ಲಿ 40 ನಿಮಿಷ ಬೇಯಿಸಿ, ತಣಿದ ಮೇಲೆ ಚೆಲ್ಲಿ.